ಅಕ್ಕನ ಮನೆಯ ರಿಪೇರಿ

ಸ್ವಂತ ಮನೆ ಇದ್ದವರಿಗೆಲ್ಲ ಒಂದು ಕಾಯಂ ಚಟ ಇರುತ್ತದೆ. ಎದುರಿಗೆ ಸಿಕ್ಕವರನ್ನು ಹಿಡಿದು ನಿಲ್ಲಿಸಿ ಮನೆಯ ರಿಪೇರಿಯ ಗೋಳು ಹೇಳಿಕೊಳ್ಳುವುದು. ನಳ ಸೋರುತ್ತದೆ, ಮಾಳಿಗೆ ಬಿರುಕು ಬಿಟ್ಟಿದೆ, ನಾಳೆ ಬರುತ್ತೇನೆಂದು ಹೋದ ಗೌಂಡಿ ಪತ್ತೆಯಿಲ್ಲ. ನನಗೂ ಅಂಥದೊಂದು ಗೋಳಿದೆ, ಆದರೆ ಹೇಳಿಕೊಂಡರೆ ಜನ ನಗುತ್ತಾರೆ. ಯಾಕೆಂದರೆ ಕಳೆದ ದೀಪಾವಳಿಯಿಂದ ನಾನು ದಿನಾ ಬೆಳಿಗ್ಗೆ ರಿಪೇರಿ ಮಾಡುತ್ತಿದ್ದ ಮನೆ ಇರುವುದು ಗಜೇಂದ್ರಗಡದ ನಮ್ಮ ಓಣಿಯಲ್ಲಲ್ಲ, ಊರ ಹಿಂದಿನ ಗುಡ್ಡದ ಮೇಲೆ. ನನ್ನ ಮೊಣಕಾಲಿನಷ್ಟು ಎತ್ತರವೂ ಇಲ್ಲ. ಒಂದಿಷ್ಟು ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ್ದು. ಅದು ನನ್ನ ಅಕ್ಕನ ಮನೆ ಎಂದು ತಿಳಿದಿದ್ದೆ. ಅಕ್ಕ ಈಗ ಇಲ್ಲ.

ಗುಡ್ಡ ಹತ್ತುವವರು ಹಾದಿಯ ಬದಿಗೆ ಹೀಗೆ ಕಲ್ಲಿನ ಪುಟ್ಟ ಮನೆ ಕಟ್ಟುವುದು ಹಳೆಯ ರೂಢಿ. ಸ್ವಂತ ಸೂರಿಲ್ಲದವರು ‘ನನಗೂ ಒಂದು ಮನೆ ಆಗಲಪ್ಪಾ’ ಎಂದು ದೇವರಿಗೆ ನೆನಪು ಮಾಡುವ ರೀತಿ ಅದು. ಕೆಲವು ಮನೆಗಳಿಗೆ ಮಹಡಿ ಇರುತ್ತದೆ, ಕೆಲವಕ್ಕೆ ಅಂಗಳ. ಒಬ್ಬ ಪುಣ್ಯಾತ್ಮ ಕಾರು ನಿಲ್ಲಿಸಲು ಜಾಗವನ್ನೂ ಬಿಟ್ಟಿದ್ದ. ದೇವರ ಹತ್ತಿರ ಕೇಳುವಾಗ ಜಿಪುಣತನ ಯಾಕೆ ಎಂದುಕೊಂಡಿರಬೇಕು.

ನನಗೆ ಗುಡ್ಡದ ಸಹವಾಸ ಬಂದದ್ದೇ ಶುಗರ್‌ನಿಂದ. ಹಾಗೆ ನೋಡಿದರೆ ಈ ಸೀಮೆಯಲ್ಲಿ ನನ್ನಷ್ಟು ನಡೆದವರು ಯಾರೂ ಇರಲಿಕ್ಕಿಲ್ಲ. ನಾನು ಬಸ್ ಕಂಡಕ್ಟರ್ ಆಗಿದ್ದೆ. ರೋಣದಿಂದ ನರಗುಂದಕ್ಕೆ, ನರಗುಂದದಿಂದ ಗಜೇಂದ್ರಗಡಕ್ಕೆ, ಬಸ್ಸಿನೊಳಗೇ ನಡೆದುಕೊಂಡು ಹೋದವನು. ಮುಂದಿನ ಬಾಗಿಲಿನಿಂದ ಹಿಂದಿನ ಸೀಟಿಗೆ, ಹಿಂದಿನ ಸೀಟಿನಿಂದ ಮುಂದಿನ ಬಾಗಿಲಿಗೆ. ಮಂದಿ ಕುಂತು ಊರು ಮುಟ್ಟಿದರು, ನಾನು ನಡೆದು ಮುಟ್ಟಿದೆ. ನಿವೃತ್ತಿಯಾದ ಮೇಲೆ ಇದನ್ನೆಲ್ಲ ದವಾಖಾನೆಯಲ್ಲಿ ಡಾಕ್ಟರಿಗೆ ವಿವರಿಸಿದೆ. ಅವರು ಕನ್ನಡಕದ ಮೇಲಿನಿಂದ ನೋಡಿ, ‘ಅದರಾಗ ನೀವು ನಡದಿಲ್ರೀ, ಬಸ್ಸು ನಡದೈತಿ. ದಿನಾ ಗುಡ್ಡಾ ಹತ್ರಿ’ ಅಂದರು. ಒಬ್ಬನೇ ಹೋಗಲು ನನಗೆ ಬೇಜಾರು. ಹೆಂಡತಿ ಗಿರಿಜಾಳಿಗೆ ಮೊಣಕಾಲು ನೋವು. ಹೀಗಾಗಿ ಜೊತೆಗೆ ಹೊರಟವಳು ನನಗಿಂತ ದೊಡ್ಡವಳಾದ ಅಕ್ಕ, ಶಾಂತಕ್ಕ. ಅವಳಿಗೆ ಶುಗರೂ ಇರಲಿಲ್ಲ, ಬಿ.ಪಿ.ಯೂ ಇರಲಿಲ್ಲ. ತಮ್ಮನ ರೋಗಕ್ಕೆ ಅವಳು ನಡೆದಳು.

ಅಕ್ಕನನ್ನು ಯಾವಗಲ್ ಎಂಬ ಊರಿಗೆ ಕೊಟ್ಟಿದ್ದರು. ಮದುವೆಯಾಗಿ ಬಹಳ ದಿನ ಆಗಿರಲಿಲ್ಲ, ಗಂಡ ತೀರಿಕೊಂಡ. ಅವಳ ಟ್ರಂಕನ್ನು ನಾನು ನನ್ನ ಬಸ್ಸಿನಲ್ಲೇ ಹಾಕಿಕೊಂಡು ಬಂದೆ. ಅವತ್ತು ಆ ದುಃಖದಲ್ಲೂ ಸೆರಗಿನ ಗಂಟು ಬಿಚ್ಚಿ ರೊಕ್ಕ ಚಾಚಿದಳು. ‘ಬ್ಯಾಡಬೇ ಅಕ್ಕಾ, ನಾ ಕೊಡ್ತೀನಿ’ ಅಂದರೆ ಕೇಳಲಿಲ್ಲ. ‘ಬಸ್ಸು ನಿಂದೇನೋ? ಸರಕಾರದ್ದು. ಟಿಕೀಟ ಹರಿ’ ಅಂದಳು. ಹರಿದೆ. ಅದನ್ನು ಅವಳು ಅದೇ ಸೆರಗಿನ ಗಂಟಿಗೆ ಕಟ್ಟಿಕೊಂಡಳು.

ಅಂದಿನಿಂದ ಅವಳು ನಮ್ಮ ಮನೆಯಲ್ಲೇ ಇದ್ದಳು. ಬಸ್ಸಿನಲ್ಲಿ ಕೆಲವು ಪ್ರಯಾಣಿಕರಿರುತ್ತಾರೆ, ಟಿಕೀಟು ತೆಗೆಸಿದ್ದರೂ ಸೀಟಿನ ತುದಿಗೇ ಕೂಡುತ್ತಾರೆ, ಯಾರಾದರೂ ಬಂದರೆ ಎದ್ದುಕೊಡಲು ತಯಾರಾಗಿ. ಅಕ್ಕ ನನ್ನ ಮನೆಯಲ್ಲಿ ಹಾಗೆ ಕೂಡುತ್ತಿದ್ದಳು. ನನ್ನ ಹೆಣ್ಣುಮಕ್ಕಳನ್ನು ಎತ್ತಿ ಆಡಿಸಿದಳು, ರೊಟ್ಟಿ ಬಡಿದಳು, ರಾತ್ರಿ ದೇವರ ಖೋಲಿಯಲ್ಲಿ ಹಾಸಿಕೊಂಡು ಬೆಳಕು ಹರಿಯುವ ಮೊದಲು ಹಾಸಿಗೆ ಸುತ್ತಿಟ್ಟಳು. ಬೆಳಿಗ್ಗೆ ಮಾಳಿಗೆಯ ಟಾಕಿಗೆ ನೀರೇರಿಸುವ ಮೋಟರ್ ಹಚ್ಚುವುದು ನನ್ನ ಕೆಲಸ, ಬಂದ್ ಮಾಡುವುದು ಅವಳ ಕೆಲಸ. ಹೀಗೆಂದು ಯಾರೂ ಹಂಚಿಕೊಟ್ಟಿರಲಿಲ್ಲ. ನಾನು ಮರೆಯುತ್ತಿದ್ದೆ, ಅವಳು ಮರೆಯುತ್ತಿರಲಿಲ್ಲ, ಅಷ್ಟೆ. ಗುಡ್ಡಕ್ಕೆ ಹೊರಟು ನಾನು ಗೇಟಿನಲ್ಲಿ ನಿಂತು ‘ರೈಟ್ ರೈಟ್’ ಎಂದು ಒದರುತ್ತಿದ್ದರೆ, ‘ಹೋಲ್ಡಾನ್ ಮಾಡೋ, ಮೋಟರ್ ಐತಿ’ ಎನ್ನುತ್ತ ಒಳಗೆ ಓಡುವವಳು ಅವಳೇ. ಈಗ ವಾರಕ್ಕೊಮ್ಮೆಯಾದರೂ ನಮ್ಮ ಟಾಕಿ ತುಂಬಿ ಹರಿಯುತ್ತದೆ. ಓಣಿಯ ಮನೆಗಳ ಮೇಲೆಲ್ಲ ಕರಿ ಟಾಕಿ, ನಮ್ಮದೊಂದೇ ನೀಲಿ, ಆದ್ದರಿಂದ ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಬಾಜೂ ಮನೆಯವರು ಒಮ್ಮೆ ಬಂದು ಬಹಳ ಮರ್ಯಾದೆಯಿಂದ, ‘ಕಂಡಕ್ಟರ್ ಸಾಹೇಬ್ರ, ನಮ್ಮ ಹಪ್ಪಳದ ಮ್ಯಾಲ ಅಷ್ಟ ಮಳಿ ಆಗಾಕತ್ತೈತ್ರಿ’ ಅಂದರು.

ಅಕ್ಕನ ಜೊತೆ ಗುಡ್ಡ ಹತ್ತುವಾಗ ನಾನು ಮುಂದೆ, ಅವಳು ಹಿಂದೆ. ಕೊಳ್ಳದ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು, ಆಚೆ ಗುಡ್ಡದ ನೆತ್ತಿಯಲ್ಲಿ ಕರೆಂಟಿನ ದೊಡ್ಡ ದೊಡ್ಡ ಫ್ಯಾನುಗಳು ತಮ್ಮಷ್ಟಕ್ಕೆ ತಿರುಗುತ್ತಿದ್ದವು. ಅವಳು ಕಾರಿಕಂಟಿಯ ಹತ್ತಿರ ನಿಂತು ಹಣ್ಣು ಹುಡುಕುವಳು, ಯಾರದೋ ಆಡನ್ನು ಮಾತಾಡಿಸುವಳು. ಒಂದು ದಿನ ತಿರುಗಿ ನೋಡಿದರೆ ಹಾದಿಯ ಬದಿಗೆ ಬಗ್ಗಿ ಒಂದು ಕಲ್ಲಿನ ಮನೆಯ ಮೇಲೆ ಚಪ್ಪಟೆ ಕಲ್ಲೊಂದನ್ನು ಹುಷಾರಾಗಿ ಇಡುತ್ತಿದ್ದಳು. ಇಷ್ಟು ವರ್ಷ ನನ್ನ ಮನೆಯಲ್ಲಿದ್ದು ಇವಳಿಗೆ ಇನ್ನೂ ಮನೆ ಬೇಕೆ? ನನ್ನದು ಇವಳದಲ್ಲವೆ? ಕೇಳಬಹುದಿತ್ತು. ಹೌದು ಅಂದುಬಿಟ್ಟರೆ ಏನು ಮಾಡಲಿ ಎಂದು ಕೇಳಲಿಲ್ಲ. ‘ರೈಟ್ ರೈಟ್’ ಅಂದೆ. ಅವಳು ನಕ್ಕು ಕೈಯ ಧೂಳು ಜಾಡಿಸಿಕೊಂಡು ಬಂದಳು. ಶ್ರಾವಣದಲ್ಲಿ ಜ್ವರ ಎಂದು ಮಲಗಿದವಳು ಏಳಲಿಲ್ಲ, ಮತ್ತೆ ಕೇಳುವ ಮಾತೇ ಉಳಿಯಲಿಲ್ಲ.

ದೀಪಾವಳಿ ಮುಗಿದ ಮೇಲೆ ಗಿರಿಜಾ ಒತ್ತಾಯ ಮಾಡಿ ನನ್ನನ್ನು ಗುಡ್ಡಕ್ಕೆ ಅಟ್ಟಿದಳು. ಮಳೆಗೆ ಆ ಮನೆ ಕುಸಿದುಬಿದ್ದಿತ್ತು. ಅಲ್ಲೇ ಕುಂತು ಅತ್ತೆ. ಅಳು ಮುಗಿದ ಮೇಲೆ ಕಟ್ಟಲು ಶುರುಮಾಡಿದೆ. ಅಕ್ಕನಿಗೆ ನಮ್ಮ ಓಣಿ ಕಾಣಲಿ ಎಂದು ಬಾಗಿಲನ್ನು ಊರ ಕಡೆ ಇಟ್ಟೆ. ನನ್ನ ಮನೆಯಲ್ಲಿ ಅವಳದೇ ಅಂತ ಒಂದು ಖೋಲಿ ಇರಲಿಲ್ಲವಲ್ಲ, ಅದಕ್ಕೆ ಪಕ್ಕದಲ್ಲಿ ಒಂದು ಖೋಲಿಯನ್ನೂ ಕೂಡಿಸಿದೆ. ಮರುದಿನ ಹೋಗಿ ನೋಡಿದರೆ ಖೋಲಿ ಮಾಯ, ಬಾಗಿಲು ಬೇರೆ ಕಡೆ ತಿರುಗಿತ್ತು. ಮತ್ತೆ ಕಟ್ಟಿದೆ, ಮತ್ತೆ ಮಾಯ. ಮೊದಲು ಆಡುಗಳ ಮೇಲೆ ಸಂಶಯಪಟ್ಟೆ. ಆಮೇಲೆ ದೊಡ್ಡ ಚೀಲ ಬೆನ್ನಿಗೇರಿಸಿಕೊಂಡು ಹುಬ್ಬಳ್ಳಿಯಿಂದ ಟ್ರೆಕ್ಕಿಂಗ್ ಬರುವ ಹುಡುಗರ ಮೇಲೆ. ಕೊನೆಗೆ ಆ ಫ್ಯಾನುಗಳ ಗಾಳಿಯ ಮೇಲೆ. ಆದರೆ ಆಡಾಗಲಿ ಗಾಳಿಯಾಗಲಿ ಇಷ್ಟು ನೀಟಾಗಿ ಬಾಗಿಲು ತಿರುಗಿಸುವುದುಂಟೆ? ದಿನಾ ಮನೆಗೆ ಬಂದಾಗ ಗಿರಿಜಾ, ‘ಇವತ್ತ ನಿಂತಿತ್ತೇನ್ರಿ ಅಕ್ಕಾರ ಮನಿ?’ ಎಂದು ಕೇಳುತ್ತಿದ್ದಳು. ಅವಳು ನಗುತ್ತಿರಲಿಲ್ಲ. ನನ್ನ ಹುಚ್ಚಿಗೆ ನಮ್ಮ ಮನೆಯಲ್ಲಿ ಅಷ್ಟು ಮರ್ಯಾದೆ ಇತ್ತು.

ಕಳೆದ ವಾರ ಮೋಟರ್ ಹಚ್ಚಿ, ಚಹಾ ಕುಡಿದು, ಸ್ವಲ್ಪ ತಡವಾಗಿ ಗುಡ್ಡ ಹತ್ತಿದೆ. ಕಳ್ಳ ಸಿಕ್ಕ. ಕಳ್ಳನಲ್ಲ, ರಾಜೂರ ಕಡೆಯಿಂದ ಆಡು ಹೊಡೆದುಕೊಂಡು ಬರುವ ಹನಮವ್ವ. ಕುಕ್ಕರಗಾಲಲ್ಲಿ ಕುಂತು ನಾನು ಕಟ್ಟಿದ ಖೋಲಿಯ ಕಲ್ಲುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಳು.

‘ಯವ್ವಾ, ಮಂದೀ ಮನಿ ಯಾಕ ಕೆಡವಾಕತ್ತಿ?’ ಅಂದೆ.

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ‘ಓ, ನೀವೇನ್ರೀ ದಿನಾ ಬಂದು ಬಾಗಲಾ ತಿರುವಿ ಹೋಗಾವ್ರು? ಇದು ನಮ್ಮನಿ ರೀ, ನಾ ಕಟ್ಟಿದ್ದು. ಮೂಡಲಕ್ಕ ಇಟ್ಟ ಬಾಗಲಾ ನೀವು ದಕ್ಷಿಣಕ್ಕ ಇಡ್ತೀರಿ. ಅದಕ್ಕ ನೋಡ್ರಿ, ನಮ್ಮ ಊರಾಗಿನ ಮನಿ ಸ್ಲ್ಯಾಬಿನ ಮಟಾ ಬಂದು ನಿಂತಬಿಟ್ಟೈತಿ. ಮ್ಯಾಲ ಈ ಖೋಲಿ ಬ್ಯಾರೆ. ನಮಗ್ಯಾಕ್ರಿ ಇಷ್ಟ ದೊಡ್ಡ ಮನಿ?’

‘ಇದು ನಮ್ಮ ಅಕ್ಕ ಕಟ್ಟಿದ್ದು. ನಾ ಕಣ್ಣಾರೆ ನೋಡೀನಿ. ಶಾಂತಕ್ಕ ಅಂತ.’

ಹನಮವ್ವನ ಸಿಟ್ಟು ಅಲ್ಲೇ ಇಳಿಯಿತು. ‘ಶಾಂತಕ್ಕಾರ ತಮ್ಮ ಏನ್ರೀ ನೀವು? ಅವ್ರು ಯಾಕ ಬರವಲ್ರು ಅಂತ ನಾನೂ ಹಾದಿ ನೋಡಾಕತ್ತಿದ್ನಿ.’

ಹೇಳಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿ ಕುಂತುಬಿಟ್ಟಳು. ಆಡುಗಳು ದೂರ ಹೋದವು, ಅವಳು ಕೂಗಲಿಲ್ಲ. ಆಮೇಲೆ ಅಂದಳು: ‘ಅವ್ರು ಕಟ್ಟಲಿಲ್ರೀ. ನಾ ಕಟ್ಟೂವಾಗ ಚಪ್ಪಟೆ ಕಲ್ಲ ಹುಡಿಕಿ ಕೊಡಾವ್ರು, ಬಿದ್ರ ಎತ್ತಿ ಇಡಾವ್ರು. ಅಕ್ಕಾರ, ನಿಮಗೂ ಒಂದ ಕಟ್ಕೋರಿ ಅಂತ ಅಂದಿದ್ನಿ. ಅದಕ್ಕ ಅವ್ರು, ನನಗ ಎದಕ್ಕವಾ, ನಮ್ಮನಿ ಅಲ್ಲೇ ಐತಿ ನೋಡು, ಆ ನೀಲಿ ಟಾಕೀದು, ಅಂತ ತೋರಸ್ತಿದ್ರು. ಬಂದಾಗೊಮ್ಮೆ ತೋರಸಾವ್ರು. ಯಾರ ಸಿಕ್ರೂ ತೋರಸಾವ್ರು.’

ಅವಳು ಚಾಚಿದ ಕೈಯ ದಿಕ್ಕಿಗೆ ನೋಡಿದೆ. ಕೆಳಗೆ ಕೊಳ್ಳದ ಬಾಯಲ್ಲಿ ಊರು ಬಿದ್ದುಕೊಂಡಿತ್ತು. ಕರಿ ಟಾಕಿಗಳ ನಡುವೆ ನಮ್ಮದು, ನೀಲಿದು. ಅಂಗಡಿಯಲ್ಲಿ ಕರಿದು ಮುಗಿದಿತ್ತೆಂದು ತಂದದ್ದು, ಚಂದ ಕಾಣುವುದಿಲ್ಲ ಎಂದು ನಾನೇ ಎಷ್ಟೋ ಸಲ ಬೈದದ್ದು. ನಾನು ಮುಂದೆ ಮುಂದೆ ಹತ್ತುತ್ತ ಹೋಗಿದ್ದೆ. ನನ್ನ ಬೆನ್ನ ಹಿಂದೆ ಅಕ್ಕ ಕಂಡಕಂಡವರಿಗೆಲ್ಲ ತನ್ನ ಮನೆ ತೋರಿಸುತ್ತ ಬಂದಿದ್ದಳು. ದುಃಖ ಇಳಿಯಬೇಕಾಗಿತ್ತು. ಇಳಿಯಲಿಲ್ಲ, ಇನ್ನಷ್ಟು ಹೆಚ್ಚಾಯಿತು. ಇಷ್ಟು ದಿನ ಮನೆಯಿಲ್ಲದ ಅಕ್ಕನಿಗಾಗಿ ಅತ್ತಿದ್ದೆ. ಈಗ ಮನೆಯಿದ್ದ ಅಕ್ಕನಿಗಾಗಿ ಅಳು ಬಂತು, ಇದು ಮೊದಲಿನದಕ್ಕಿಂತ ಜೋರಾಗಿತ್ತು.

ಆಡು ಕಾಯುವವರ ಕಣ್ಣು ಚುರುಕು. ‘ಸಾಹೇಬ್ರ,’ ಅಂದಳು ಹನಮವ್ವ, ‘ಅದೇನ್ರೀ, ನಿಮ್ಮ ಟಾಕಿ ಮಿಂಚಾಕತ್ತೈತಿ?’

ಕಣ್ಣೊರೆಸಿಕೊಂಡು ನೋಡಿದೆ. ಬಿಸಿಲಿಗೆ ಹೊಳೆಯುತ್ತ ನೀರು ನಾಲ್ಕೂ ಕಡೆಯಿಂದ ಇಳಿಯುತ್ತಿತ್ತು. ಮೋಟರ್ ಹಚ್ಚಿ ಬಂದವನು ನಾನು. ನೆನಪಿಟ್ಟು ಬಂದ್ ಮಾಡುತ್ತಿದ್ದವಳು ಇರಲಿಲ್ಲ. ಬಾಜೂ ಮನೆಯ ಮಾಳಿಗೆಯಲ್ಲಿ ಹಪ್ಪಳ ಇತ್ತೋ ಇಲ್ಲವೋ, ಅಷ್ಟು ದೂರದಿಂದ ಕಾಣಲಿಲ್ಲ.

‘ಲಗೂ ಇಳೀರಿ ಸಾಹೇಬ್ರ, ನೀರು ಹಾಳಾಗಾಕತ್ತೈತಿ’ ಅಂದಳು ಹನಮವ್ವ. ಜೀವಮಾನವಿಡೀ ಮಂದಿಗೆ ‘ಲಗೂ ಇಳೀರಿ’ ಎಂದು ಒದರಿದವನು ನಾನು. ನನಗೆ ಒಬ್ಬರು ಹಾಗಂದದ್ದು ಅದೇ ಮೊದಲು. ಬಗ್ಗಿ ಅವಳ ಮನೆಯ ಬಾಗಿಲನ್ನು ಮೂಡಲಕ್ಕೆ ತಿರುಗಿಸಿಟ್ಟೆ. ಆಮೇಲೆ, ಅಕ್ಕನ ಮನೆಯ ಮೋಟರ್ ಬಂದ್ ಮಾಡಲು ಗುಡ್ಡ ಇಳಿದೆ.