ತಲೆಯ ಮೇಲೆ ಕೈ

ಎರಡು ಕೈಗಳನ್ನೂ ಎತ್ತಿ, ಒಂದು ಗಳಿಗೆ ತಲೆಯ ಮೇಲಿಟ್ಟು ಸೊಂಟ ಬಳುಕಿಸಿದರೆ ನೋಡುವವರು ದಂಗಾಗುತ್ತಾರೆ ಎಂದು ಒಪೊಕುಗೆ ಅನಿಸಿದ್ದೇ ಅನಾಹುತಕ್ಕೆಲ್ಲ ಮೂಲ. ಫೋನಿನಲ್ಲಿ ಸಿಕ್ಕ ಅಡೊವಾ ಕುಣಿತವೊಂದನ್ನು ನೋಡಿ ನೋಡಿ ಅವನು ತನ್ನ ತಂಡದ ಹುಡುಗಿಯರಿಗೆ ಅದನ್ನು ಕಲಿಸಿದ್ದ. ಆ ವಿಡಿಯೊ ತೆಗೆದದ್ದು ಸಾವಿನ ಮನೆಯ ಅಂಗಳದಲ್ಲಿ ಎಂಬುದರ ಕಡೆ ಅವನ ಗಮನ ಹೋಗಿರಲಿಲ್ಲ.

ಒಪೊಕು ಅಬೊನ್ಸೊ ಎಂಬ ಊರಿನ ಕ್ಷೌರಿಕ. ಅಜ್ಜಿಯರ ಜೊತೆಗೇ ಮಣ್ಣಾಗಲಿದ್ದ ಕುಣಿತವನ್ನು ಎಬ್ಬಿಸಿ ನಿಲ್ಲಿಸುತ್ತೇನೆಂದು ಹೊರಟವನು. ಆದರೆ ತಂಡಕ್ಕೆ ನಗಾರಿ ಇರಲಿಲ್ಲ. ಬಣ್ಣದ ಖಾಲಿ ಬಕೆಟ್ ಬಡಿದೇ ಕುಣಿಯುತ್ತಿದ್ದರು. ಹುಡುಗಿಯರಿಗೆ ಅದು ಸಾಕಾಗಿ, ಚರ್ಚಿನ ಬ್ಯಾಂಡಿಗೆ ಸೇರುತ್ತೇವೆ ಎಂದು ಹೇಳಿಯಾಗಿತ್ತು. ಅಷ್ಟರಲ್ಲಿ ಊರ ದೊರೆ, ಎಲ್ಲರೂ 'ನಾನಾ' ಎಂದು ಕರೆಯುವವರು, ಮಾತು ಕೊಟ್ಟಿದ್ದರು: ನಾನು ಪೀಠವೇರಿದ ದಿನದ ಹಬ್ಬದಲ್ಲಿ ಚೆನ್ನಾಗಿ ಕುಣಿದರೆ, ಅರಮನೆಯಲ್ಲಿ ಬೀಗ ಹಾಕಿಟ್ಟ ಹಳೆಯ ನಗಾರಿಗಳು ನಿಮ್ಮವೇ.

ಹಬ್ಬ ಇವತ್ತೇ. ಬೆಳಿಗ್ಗೆ ಅಂಗಡಿಯ ಹಿಂದೆ ಕೊನೆಯ ಸಲ ಕುಣಿಯುತ್ತಿದ್ದಾಗ, ಮುಂದುಗಡೆ ಬಾಳೆಕಾಯಿ ಸುಡುತ್ತಿದ್ದ ಡುಫಿಯೆ ಅಜ್ಜಿ ಇಕ್ಕಳ ಬಿಸಾಕಿ ಓಡಿಬಂದಳು.

"ಯಾರೋ ಸತ್ತಿದ್ದು?"

"ಯಾರೂ ಇಲ್ಲ ಅಜ್ಜಿ. ಮಧ್ಯಾಹ್ನ ನಾನಾ ಮುಂದೆ ಕುಣೀಬೇಕಲ್ಲ, ಅದಕ್ಕೆ..."

"ನಾನಾ ಮುಂದೆ? ತಲೆ ಮೇಲೆ ಕೈ ಇಟ್ಕೊಂಡು? 'ಅಪ್ಪ ಸತ್ತ, ನಾನು ತಬ್ಬಲಿಯಾದೆ' ಅಂತ ಕಣೋ ಅದರರ್ಥ! ಬದುಕಿರೋ ದೊರೆ ಎದುರಿಗೆ ಹಂಗೆ ಕುಣಿದ್ರೆ ಮೊದಲು ನಿನ್ನ ಕೈಲಿ ದಂಡಕ್ಕೆ ಕುರಿ ಕೊಡಿಸ್ತಾರೆ, ಆಮೇಲೆ ಊರು ಬಿಡಿಸ್ತಾರೆ."

ಒಪೊಕುವಿನ ಮುಖ ಅಜ್ಜಿ ಒಲೆಯ ಮೇಲೆ ಬಿಟ್ಟುಬಂದ ಬಾಳೆಕಾಯಿಯ ಹಾಗೆ ಕಪ್ಪಿಟ್ಟಿತು. ಅವನು ಮುಂದಾಳು ಕುಣಿತಗಾರ್ತಿ, ದರ್ಜಿ ಸೆರ್ವಾಳ ಕಡೆ ತಿರುಗಿದ.

"ನಿಂಗೆ ಗೊತ್ತಿರ್ಲಿಲ್ವೇನೇ?"

"ಮನೇಲಿ ತಲೆ ಮೇಲೆ ಕೈ ಇಟ್ರೆ ಅಮ್ಮ ಬಾರಿಸ್ತಿದ್ಳು ಅಣ್ಣ. ಕುಣಿತದಲ್ಲಿ ಇಟ್ರೆ ಸಂಸ್ಕೃತಿ ಅಂದ್ಕೊಂಡೆ."

ಅಜ್ಜಿಯ ಕೂಗಿಗೆ ಬೀದಿಯೇ ಬಂದು ನೆರೆಯಿತು. ಟ್ರೊಟ್ರೊ ವ್ಯಾನಿನ ಡ್ರೈವರ್ ಅಜೆಮಾನ್ ಪ್ರಯಾಣಿಕರನ್ನು ಬಿಸಿಲಲ್ಲೇ ಬಿಟ್ಟು ಇಳಿದು ಬಂದ.

"ಅಷ್ಟೇ ತಾನೆ? ಕೈ ಎದೆಗೆ ಕಟ್ಟಿಸು."

"ಅದು 'ನಂಗೆ ದಿಕ್ಕಿಲ್ಲ' ಅಂತ," ಎಂದಳು ಅಜ್ಜಿ.

"ಹೊಟ್ಟೆ ಮೇಲೆ ಇಡಿಸು."

"ಅದು 'ಕರುಳು ಕಿತ್ತು ಬಂತು' ಅಂತ."

"ಹಂಗಾದ್ರೆ ಎಡಗೈ ಮಾತ್ರ ಚಾಚಲಿ."

"ನಾನಾ ಕಡೆ ಎಡಗೈನಾ! ನಿನ್ನ ವ್ಯಾನಿಗೆ ಬ್ರೇಕಿಲ್ಲ ಅಂತ ಗೊತ್ತಿತ್ತು, ಬಾಯಿಗೂ ಇಲ್ವಲ್ಲೋ!"

ಕೊನೆಗೆ ಅಜ್ಜಿಯೇ ದಾರಿ ತೋರಿಸಿದಳು: ಬಲಗೈಯಲ್ಲಿ ಬಿಳಿ ಕರವಸ್ತ್ರ ಬೀಸಬೇಕು, ಎಡಗೈ ಸೊಂಟದ ಬಟ್ಟೆಯಂಚು ಹಿಡಿದಿರಬೇಕು. ಬಕೆಟ್ ಶುರುವಾಯಿತು. ಮೂರನೆಯ ಪೆಟ್ಟಿಗೆ ಹುಡುಗಿಯರ ಕೈಗಳೆಲ್ಲ ಮಳೆ ಕಂಡ ಅಣಬೆಯ ಹಾಗೆ ತಲೆಯ ಮೇಲೆದ್ದವು. ತಿಂಗಳುಗಟ್ಟಲೆ ಕಲಿತ ಕೈ. ಒಂದು ಬೆಳಗಿಗೆ ಮರೆಯುತ್ತದೆಯೇ? ಮತ್ತೆ ಬಡಿದರು. ಮತ್ತೆ ಎದ್ದವು.

ಅದೇ ಹೊತ್ತಿಗೆ ನಾನಾರ ಮಾತುಗಾರ ಬೊನ್ಸು ಬಂದ. ದೊರೆ ನೇರವಾಗಿ ಜನರೊಡನೆ ಮಾತಾಡುವುದಿಲ್ಲ. ಏನಿದ್ದರೂ ಚಿನ್ನದ ತಲೆಯ ದಂಡ ಹಿಡಿದ ಬೊನ್ಸುವಿನ ಬಾಯಿಂದಲೇ ಬರಬೇಕು. ಹುಡುಗಿಯರು ಥಟ್ಟನೆ ಕೈ ಇಳಿಸಿದರು. ಅವನು ನೋಡಿದನೋ ಇಲ್ಲವೋ ತಿಳಿಯಲಿಲ್ಲ. ಅವನ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು.

"ಇವತ್ತು ನಗ್ತಾ ಕುಣೀಬೇಕು," ಎಂದ ಬೊನ್ಸು. "ಒಬ್ಬರ ಮುಖವೂ ಬಾಡಬಾರದು. ಅಪಶಕುನ ಏನಾದ್ರೂ ಕಂಡ್ರೆ, ಒಪೊಕು, ನಿನ್ನನ್ನ ಸುಮ್ನೆ ಬಿಡಲ್ಲ."

ಅವನು ಹೋದ ಮೇಲೆ ಒಪೊಕು ಬಕೆಟ್ಟಿನ ಮೇಲೆ ಕುಸಿದ. ಸೆರ್ವಾ ತನ್ನ ಹೊಲಿಗೆ ಡಬ್ಬಿ ತೆಗೆದಳು.

"ರವಿಕೆಯ ಎಡತೋಳನ್ನ ಸೊಂಟದ ಬಟ್ಟೆಗೆ ಪಿನ್ನು ಹಾಕಿ ಸಿಗಿಸಿಬಿಡ್ತೀನಿ ಅಣ್ಣ. ಒಂದು ಕೈ ಕಟ್ಟಿದ ಮೇಲೆ ಎರಡೂ ಹೆಂಗೆ ಎತ್ತಕ್ಕಾಗತ್ತೆ?"

ಒಪೊಕುಗೆ ಅವಳ ಕಾಲಿಗೆ ಬೀಳಬೇಕೆನಿಸಿತು.

ಮಧ್ಯಾಹ್ನ ಅರಮನೆಯ ಅಂಗಳದಲ್ಲಿ ಊರಿಗೂರೇ ಕೂತಿತ್ತು. ದೊಡ್ಡ ಛತ್ರಿಯ ಕೆಳಗೆ ನಾನಾರ ಪೀಠ ಖಾಲಿ. "ನಾನಾಗೆ ಮಂಡಿ ನೋವು. ಒಳಗಿಂದಲೇ ಕೇಳ್ತಾರೆ," ಎಂದು ಬೊನ್ಸು ಸಾರಿದ. ಪೀಠದ ಹಿಂದೆ ನಾನಾರ ಹೆಂಡತಿಯರು ಮೈತುಂಬ ಚಿನ್ನ ಹೇರಿಕೊಂಡು, ಅಂಟು ಹಾಕಿ ಕೂರಿಸಿದವರ ಹಾಗೆ ಅಲುಗಾಡದೆ ಕೂತಿದ್ದರು.

ಅರಮನೆಯವರೇ ನಗಾರಿ ಹೊರಗೆ ತಂದು ಬಾರಿಸಿದರು. ಬಕೆಟ್ ಎಲ್ಲಿ, ಇದೆಲ್ಲಿ! ಸದ್ದು ಒಪೊಕುವಿನ ಪಕ್ಕೆಲುಬಿಗೆ ಬಡಿಯಿತು. ಮೂರನೆಯ ಪೆಟ್ಟಿಗೆ ಹುಡುಗಿಯರ ಎಡಭುಜಗಳು ಜಗ್ಗಿದವು. ಪಿನ್ನು ಹಿಡಿದುಕೊಂಡಿತು. ಕರವಸ್ತ್ರಗಳು ಬೀಸಿದವು. ಮುದುಕಿಯರು ಎದ್ದು ಬಂದು, ಮೆಚ್ಚಿದ್ದಕ್ಕೆ ಗುರುತಾಗಿ ಸೆರ್ವಾಳ ನೆತ್ತಿಯ ಮೇಲೆ ಎರಡು ಬೆರಳು ಹಿಡಿದರು. ಡುಫಿಯೆ ಅಜ್ಜಿಯಂತೂ ತಾನೇ ಹೆತ್ತವಳ ಹಾಗೆ ಸುತ್ತ ನೋಡಿದಳು.

ಉಳಿದದ್ದು ಒಂದೇ. ಸೆರ್ವಾ ಪೀಠದ ಹತ್ತಿರ ಹೋಗಿ ಬಾಗಿ ಬರಬೇಕು.

ಅವಳು ಬಾಗಿದಳು. ಬಾಗಿದವಳು ಮೇಲೇಳಲು ಎಡಗೈ ಊರಹೋದಳು. ಕೈ ಬರಲಿಲ್ಲ, ಪಿನ್ನು ಬಿಡಲಿಲ್ಲ. ಅವಳು ಒಂದೇ ಕಾಲಲ್ಲಿ ತೂಗಾಡಿ ನಾನಾರ ಪೀಠದ ಮೇಲೇ ಬೀಳುವಂತೆ ವಾಲಿದಳು. ಹೆಣ್ಣೊಬ್ಬಳು ಪೀಠದ ಮೇಲೆ ಬಿದ್ದರೆ ಕುರಿ ಹಿಂಡೇ ಸಾಲದು. ಆಮೇಲೆ ಹೇಗೋ ಹಿಮ್ಮಡಿ ತಿರುಗಿಸಿ ನೆಟ್ಟಗೆ ನಿಂತು, ಅದೂ ಕುಣಿತವೇ ಎಂಬಂತೆ ನಕ್ಕಳು. ಜನ ಚಪ್ಪಾಳೆ ತಟ್ಟಿದರು.

ತಟ್ಟುತ್ತಿದ್ದ ಕೈಗಳು ಒಂದೊಂದಾಗಿ ನಿಂತವು. ನಗಾರಿಯೂ ನಿಂತಿತು. ಎಲ್ಲರೂ ಒಪೊಕುವನ್ನೇ ನೋಡುತ್ತಿದ್ದರು.

ಅಂಗಳದ ನಟ್ಟನಡುವೆ ನಿಂತಿದ್ದ ಅವನ ಎರಡೂ ಕೈ ಗಾಬರಿಯಲ್ಲಿ ತಲೆಯ ಮೇಲೆ ಹೋಗಿದ್ದವು.

ಇಳಿಸುವಷ್ಟರಲ್ಲಿ ನಾನಾರ ಹಿರಿಯ ಹೆಂಡತಿ ಎದ್ದು ನಿಂತಳು. ಒಪೊಕು ಕಣ್ಣು ಮುಚ್ಚಿದ. ಬೈಗುಳ ಬರಲಿಲ್ಲ. ಕೊರಳ ಚಿನ್ನ ಕಿತ್ತೆಸೆದ ಸದ್ದು ಬಂತು.

"ಊರಿಗೇ ಗೊತ್ತಾಯ್ತಲ್ಲಪ್ಪಾ! ಇನ್ನೂ ಯಾತಕ್ಕೆ ತಡ್ಕೊಳ್ಳಲಿ! ಹೋಗ್ಬಿಟ್ರಲ್ಲೋ ನಮ್ಮ ನಾನಾ!"

ಮಿಕ್ಕ ಹೆಂಡತಿಯರೂ ತಲೆಯ ಮೇಲೆ ಕೈ ಹೊತ್ತು ಗೋಳಿಟ್ಟರು. ಅವರ ಹಿಂದೆ ಇಡೀ ಊರು.

ನಾನಾ ತೀರಿಕೊಂಡು ಆಗಲೇ ನಾಲ್ಕು ದಿನವಾಗಿತ್ತು. ದೊರೆ ಸತ್ತ ಸುದ್ದಿ ಮೊದಲು ಸೀಮೆಯ ದೊಡ್ಡ ದೊರೆಯ ಕಿವಿಗೆ ಬೀಳಬೇಕು. ಅವರು ಪ್ರಯಾಣದಲ್ಲಿದ್ದರು. ಹಬ್ಬ ನಿಲ್ಲಿಸಿದರೆ ಗುಮಾನಿ ಹುಟ್ಟುತ್ತದೆಂದು ಹಿರಿಯರು ಹೆಂಗಸರ ಬಾಯಿ ಕಟ್ಟಿ, ಚಿನ್ನ ತೊಡಿಸಿ, ಕೂರಿಸಿದ್ದರು.

ಸಂಜೆ ಒಪೊಕು ಅರಮನೆಯ ಒಳಕೋಣೆಯಲ್ಲಿ ಹಿರಿಯರ ಮುಂದೆ ಮಂಡಿಯೂರಿದ್ದ.

"ನಿಂಗೆ ಸುದ್ದಿ ಕೊಟ್ಟೋರು ಯಾರು?" ಎಂದ ಬೊನ್ಸು.

"ಯಾರೂ ಕೊಟ್ಟಿಲ್ಲ ಯಜಮಾನ್ರೇ. ಸೆರ್ವಾ ಬೀಳ್ತಾಳೆ ಅಂತ ಹೆದರಿ ಕೈ ಹೋಯ್ತು."

"ಬೀಳ್ತಿದ್ದೋಳು ನಗ್ತಾ ಇದ್ಲು, ನಿಂತಿದ್ದ ನೀನು ತಲೆ ಮೇಲೆ ಕೈ ಇಟ್ಟೆ. ಇದನ್ನ ನಾವು ನಂಬಬೇಕಾ?"

ದೊಡ್ಡ ದೊರೆಗಿಂತ ಮೊದಲು ಊರಿಗೆ ಸಾವು ಸಾರಿದ ತಪ್ಪಿಗೆ ಒಂದು ಕುರಿ, ಎರಡು ಬಾಟಲಿ ಜಿನ್ ಎಂದು ತೀರ್ಮಾನವಾಯಿತು. ಒಪೊಕು ತಲೆಬಾಗಿ ಒಪ್ಪಿದ. ಆದರೂ ಎದ್ದು ಹೋಗಲು ಮನಸ್ಸಾಗಲಿಲ್ಲ.

"ನಗಾರಿ ವಿಷಯ...?"

ಹಿರಿಯರು ಮುಖ ಮುಖ ನೋಡಿಕೊಂಡರು. ತೀರಿಹೋದವರ ಮಾತು ಮುರಿಯುವ ಧೈರ್ಯ ಯಾರಿಗೂ ಇರಲಿಲ್ಲ.

"ನಾನಾ ಕೊಟ್ಟ ಮಾತು. ಹುಡುಗೀರು ಕುಣಿದಿದ್ದೂ ನಿಜ," ಎಂದ ಬೊನ್ಸು ನಿಟ್ಟುಸಿರಿಟ್ಟು. "ತಗೊಂಡು ಹೋಗು. ಇನ್ಮೇಲೆ ನಿಮ್ಮವೇ."

ಒಪೊಕುವಿನ ಕಣ್ಣಲ್ಲಿ ನೀರು ಬಂತು. ಅವನು ಓಡಿಹೋಗಿ ಕೋಣೆಯ ಮೂಲೆಯಲ್ಲಿದ್ದ ದೊಡ್ಡ ನಗಾರಿಯನ್ನು ತಬ್ಬಿಕೊಂಡ.

"ಒಂದು ಮಾತು," ಎಂದ ಬೊನ್ಸು. "ನಾನಾ ಉತ್ತರಕ್ರಿಯೆ ಮುಗಿಯೋವರೆಗೂ ಊರಲ್ಲಿ ನಗಾರಿ ಬಾರಿಸೋ ಹಾಗಿಲ್ಲ. ಕುಣಿತವೂ ಇಲ್ಲ. ಬಕೆಟ್ಟೂ ಇಲ್ಲ."

"ಉತ್ತರಕ್ರಿಯೆ ಯಾವಾಗ ಯಜಮಾನ್ರೇ?"

"ಅರಮನೆ ರಿಪೇರಿಯಾಗ್ಬೇಕು. ಹೊರದೇಶದಲ್ಲಿರೋ ನೆಂಟರೆಲ್ಲ ಬರ್ಬೇಕು. ಎಲ್ಲ ಸರಿಹೋದ್ರೆ, ಮುಂದಿನ ವರ್ಷದ ಕೊನೆಗೆ."

ಒಪೊಕು ನಗಾರಿಯನ್ನು ಭುಜಕ್ಕೇರಿಸಲು ಬಾಗಿದ.

"ಮೆಲ್ಲಗೆ ಎತ್ತೋ ಮಗನೇ," ಎಂದ ಬೊನ್ಸು. "ಸದ್ದು ಬಂದ್ರೆ ಇನ್ನೊಂದು ಕುರಿ."