ಬಚ್ಚಲುಮನೆಯ ಚಿಲಕ

ಮುಪ್ಪು ಎನ್ನುವುದು ಬೇರೆಯವರಿಗೆ ಬರುವ ಕಾಯಿಲೆ ಎಂದು ನಾನು ಬಹಳ ಕಾಲ ನಂಬಿದ್ದೆ. ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಬಿಟ್ಟುಕೊಟ್ಟರೆ, ಅವರು ಮುಂದಿನ ಸ್ಟಾಪಿನಲ್ಲಿ ಇಳಿಯುವವರಿರಬೇಕು ಅಂದುಕೊಳ್ಳುತ್ತಿದ್ದೆ. ಅವರು ಮಂಡ್ಯದವರೆಗೂ ನಿಂತೇ ಬಂದರೆ, ಪಾಪ, ಮೂಲವ್ಯಾಧಿ ಇರಬೇಕು ಎಂದು ಮರುಗುತ್ತಿದ್ದೆ. ನನಗೇ ವಯಸ್ಸಾಗಿರಬಹುದೆಂಬ ಅನುಮಾನ ಮಾತ್ರ ಒಮ್ಮೆಯೂ ಹತ್ತಿರ ಸುಳಿಯಲಿಲ್ಲ.

ಇಂಥ ನಾನು ಮದ್ದೂರಿನ ಸಾಕಮ್ಮನ ಮನೆ ಸೇರಿದ್ದು ಎಪ್ಪತ್ತರ ದಶಕದಲ್ಲಿ. ವೃದ್ಧಾಶ್ರಮ ಎನ್ನುವ ಮಾತು ಆಗಿನ್ನೂ ನಮ್ಮ ಕಡೆ ಅಷ್ಟಾಗಿ ಹಬ್ಬಿರಲಿಲ್ಲ. ಸಾಕಮ್ಮ ಆಸ್ಪತ್ರೆಯಲ್ಲಿ ಆಯಾ ಆಗಿದ್ದು ನಿವೃತ್ತಳಾದವಳು. ತನ್ನ ಹೆಂಚಿನ ಮನೆಯಲ್ಲಿ ನಾಲ್ಕೈದು ಮಂದಿ ವಯಸ್ಸಾದವರನ್ನು ಇಟ್ಟುಕೊಂಡು ಊಟ, ಸ್ನಾನ, ಮಾತ್ರೆಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದಳು. ನಾನು ತಾಲ್ಲೂಕು ಕಚೇರಿಯ ಶಿರಸ್ತೇದಾರನಾಗಿ ಊರಿಗೆಲ್ಲ ಕಾನೂನು ಹೇಳಿದವನು. ಆದರೆ ಹೆಂಡತಿ ತೀರಿಕೊಂಡ ಮೇಲೆ, ಒಂದು ಪಾವು ಅಕ್ಕಿಗೆ ಎಷ್ಟು ನೀರು ಎಂಬ ಪ್ರಶ್ನೆಗೆ ಯಾವ ಕಾನೂನಿನಲ್ಲೂ ಉತ್ತರ ಸಿಗದೆ ಅಲ್ಲಿಗೆ ಬಂದೆ. ಕೇಳಿದವರಿಗೆಲ್ಲ, “ಸ್ವಲ್ಪ ದಿನ ಹವಾ ಬದಲಾವಣೆಗೆ” ಅನ್ನುತ್ತಿದ್ದೆ. ಮಳವಳ್ಳಿಯಿಂದ ಮದ್ದೂರಿಗೆ ಬಂದರೆ ಯಾವ ಹವಾ ಬದಲಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಅದು ಅವರ ದೊಡ್ಡತನ.

ಸಾಕಮ್ಮನ ಮನೆಯಲ್ಲಿ ಕಟ್ಟುನಿಟ್ಟಾಗಿ ಇದ್ದದ್ದು ಒಂದೇ ಕಾನೂನು. ಸ್ನಾನಕ್ಕೆ ಹೋದವರು ಬಾಗಿಲು ಮುಂದಕ್ಕೆ ಹಾಕಿಕೊಳ್ಳಬಹುದು, ಚಿಲಕ ಮಾತ್ರ ಹಾಕಬಾರದು. “ಒಳ್ಗೇ ಜಾರಿ ಬಿದ್ರೆ ನಾನ್ ಎಂಗ್ ಬರ‍್ಲಿ ಸ್ವಾಮೇರಾ? ಗೋಡೆ ತೂರ್ಕಂಡ್ ಬರ‍್ಲಾ?” ಎಂದು ಅವಳು ದಿನವೂ ಗೊಣಗುವಳು. ಬೀಳುವುದು ಮುದುಕರಲ್ಲವೇ, ನನಗೇಕೆ ಆ ನಿಯಮ? ನಾನು ದಿನವೂ ಚಿಲಕ ಹಾಕಿಕೊಂಡೇ ಮೀಯುತ್ತಿದ್ದೆ, ಸದ್ದಾಗದಂತೆ.

ಒಂದು ಭಾನುವಾರ ಸಾಕಮ್ಮ ಬೆಳಿಗ್ಗೆಯೇ ನನ್ನ ಹತ್ತಿರ ಬಂದಳು. ಕೊಪ್ಪದ ಮರಿಗೌಡ ಎಂಬುವರನ್ನು ಅವರ ಮಗಳು ಕರೆದುಕೊಂಡು ಬರುತ್ತಾಳಂತೆ. ಹೆಂಡತಿ ಸತ್ತಾಗಿನಿಂದ ಆ ಮನುಷ್ಯ ಮಾತೇ ಬಿಟ್ಟಿದ್ದಾರೆ, ಊಟಕ್ಕೆ ಕೂತರೆ ತಟ್ಟೆ ನೋಡಿ ಎದ್ದುಬಿಡುತ್ತಾರೆ. ಮಗಳು, ಅಳಿಯ ಇಬ್ಬರೂ ಮೇಷ್ಟರು. ಅವರು ಸ್ಕೂಲಿಗೆ ಹೋದರೆ ಇವರು ಸಂಜೆಯವರೆಗೆ ಗೋಡೆಗೆ ಮುಖ ಮಾಡಿ ಕೂತಿರುತ್ತಾರೆ. “ಇಂಗೇ ಆದ್ರೆ ಅಪ್ಪಯ್ಯ ಉಳಿಯಾಕಿಲ್ಲ ಅಂತ ಆ ಹೆಣ್ಮಗಾ ಅತ್ಬುಡ್ತು. ಓದ್ದೋರು ನೀವು, ಒಸಿ ಚೆಂದಾಗ್ ಮಾತಾಡಿ ಇಲ್ಲೇ ಇರಾಕ್ ಒಪ್ಸಿ ಸ್ವಾಮೇರಾ. ನೀವ್ ಬುದ್ಧಿ ಯೋಳ್ತೀರಿ ಅಂತ ಅವ್ರ್ಗೂ ಯೋಳ್ ಕಳ್ಸಿವ್ನಿ,” ಅಂದಳು. ಇಂಥ ಕೆಲಸಕ್ಕೆ ನನಗಿಂತ ಯೋಗ್ಯರು ಯಾರು? ಭಾಷಣ ಜೋಡಿಸಿಕೊಳ್ಳುತ್ತ ಬಚ್ಚಲುಮನೆ ಹೊಕ್ಕೆ. ಅಭ್ಯಾಸದಂತೆ ಚಿಲಕ ಎಳೆದೆ.

ಸ್ನಾನ ಮುಗಿಸಿ ಟವಲು ಸುತ್ತಿಕೊಂಡು ಚಿಲಕಕ್ಕೆ ಕೈ ಹಾಕಿದರೆ ಅದು ಮಿಸುಕಲಿಲ್ಲ. ಸೋಪಿನ ಕೈ ಜಾರಿತು. ಕೈ ಒರೆಸಿಕೊಂಡು ಎಳೆದೆ, ಕುಟ್ಟಿದೆ, ಕೊನೆಗೆ ಗದರಿಸಿಯೂ ನೋಡಿದೆ. ಗುಮಾಸ್ತರು ಹೆದರುತ್ತಿದ್ದ ದನಿಗೆ ಚಿಲಕ ಹೆದರಲಿಲ್ಲ. ಕೂಗಿ ಕರೆಯಲು ಮರ್ಯಾದೆ ಅಡ್ಡ ಬಂತು. ಮೊದಲು ಗಂಭೀರವಾಗಿ ಕೆಮ್ಮಿದೆ. ಯಾರೂ ಬರಲಿಲ್ಲ. ಆಮೇಲೆ ಚೊಂಬಿನಿಂದ ಬಾಗಿಲು ಬಡಿದೆ. ಹೊರಗೆ ಅವರೆಕಾಯಿ ಸುಲಿಯುತ್ತಿದ್ದ ರಂಗಜ್ಜಿಗೆ ಕಿವಿ ಮಂದ.

“ಬಾಗಿಲು! ಬಾಗಿಲು!” ಎಂದು ಕೂಗಿದೆ.

“ಬೆಲ್ಲವಾ? ಮೀಯೋವಾಗ ಬೆಲ್ಲ ಯಾಕ್ಲಾ ನಿಂಗೆ?” ಅಂದಿತು ಅಜ್ಜಿ.

ಅಷ್ಟರಲ್ಲಿ ಹೊರಗೆ ಜಟಕಾ ನಿಂತ ಸದ್ದಾಯಿತು. ಮರಿಗೌಡರು ಬಂದೇಬಿಟ್ಟರು. ಹಂಡೆಯ ಒಲೆಯ ಹೊಗೆಯೋ, ಭಯವೋ, ಉಸಿರು ಕಟ್ಟಿದಂತಾಗಿ ನಾನು ಮರ್ಯಾದೆ ಬಿಟ್ಟು, “ಸಾಕಮ್ಮಾ, ಸತ್ತೇ!” ಎಂದು ಅರಚಿದೆ.

ಸಾಕಮ್ಮ ಓಡಿ ಬಂದಳು. “ಅಯ್ಯೋ ನಿಮ್ ಮನೆ ಕಾಯ್ವೋಗ! ಚಿಲ್ಕ ಆಕ್ಬ್ಯಾಡಿ ಅಂತ ಎಷ್ಟ್ ಕಿತ ಬಡ್ಕಂಡೆ!” ಎಂದು ಬೈಯುತ್ತಲೇ, ನಮ್ಮ ಜೊತೆ ಇದ್ದ ಹಳೆಯ ಬಸ್ ಡ್ರೈವರ್ ಅಮೀರ್ ಸಾಹೇಬರನ್ನು ಕರೆದಳು. ಸಾಹೇಬರು ಬಾಗಿಲಿಗೆ ಬಾಯಿಟ್ಟು, “ಗಾಬರಿ ಆಗ್ಬೇಡಿ ಸಾರ್, ಎಲ್ಲಾ ಸೇರಿ ತಳ್ತೀವಿ. ಸ್ಟಾರ್ಟ್ ಆಗದ ಎಷ್ಟು ಬಸ್ಸು ತಳ್ಸಿಲ್ಲ ನಾನು!” ಅಂದರು. ಒಂದು, ಎರಡು ಎಂದು ಎಣಿಸಿ ತಳ್ಳಿದರು. ಬಾಗಿಲು ಕಿರುಗುಟ್ಟಿತು, ತೆರೆಯಲಿಲ್ಲ. “ಇನ್ನೊಬ್ರು ಬೇಕು,” ಎಂದು ಸಾಹೇಬರು ಏದುಸಿರು ಬಿಡುವುದು ಕೇಳಿಸಿತು. ಯಾರೋ ಭಾರವಾದ ಹೆಜ್ಜೆಯಿಟ್ಟು ಬಂದರು. “ಸರ್ಕಳಿ,” ಎಂದಿತು ಒಂದು ಗಡಸು ದನಿ. ಅದರ ಹಿಂದೆಯೇ ಒಬ್ಬ ಹೆಂಗಸು, “ಅಪ್ಪಯ್ಯ ಮಾತಾಡುದ್ರು!” ಅಂದದ್ದೂ ಕೇಳಿಸಿತು.

ನಾನು ಒಳಗೆ ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಅವರು ಓಡಿ ಬರುವ ಹೊತ್ತಿಗೆ ಸರಿಯಾಗಿ ಚಿಲಕವನ್ನು ಜಗ್ಗಿದೆ. ಆ ಹಾಳಾದದ್ದು ಆಗಲೇ ಸರಕ್ಕನೆ ಜಾರಿತು. ಬಾಗಿಲು ಹಾರಿಕೊಂಡು ತೆರೆಯಿತು. ಮರಿಗೌಡರು ಬಂಡಿ ಬಿಚ್ಚಿಕೊಂಡ ಎತ್ತಿನಂತೆ ನುಗ್ಗಿ ಬಂದು ನನ್ನನ್ನು ತಬ್ಬಿಕೊಂಡರು. ಇಬ್ಬರೂ ಒಟ್ಟಿಗೆ ಜಾರಿ, ತಣ್ಣೀರು ತುಂಬಿದ್ದ ದೊಡ್ಡ ಹಿತ್ತಾಳೆ ಕೊಳಗಕ್ಕೆ ಒರಗಿ ಕೂತೆವು. ಕೊಳಗ ಮಗುಚಿ ನಮ್ಮಿಬ್ಬರಿಗೂ ಅಭಿಷೇಕ ಮಾಡಿತು.

ಮರಿಗೌಡರು ತೊಟ್ಟಿಕ್ಕುವ ಪೇಟ ಸರಿಮಾಡಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಿವಿಯಲ್ಲಿ ಸೋಪಿನ ನೊರೆ, ಕೈಯಲ್ಲಿ ಬಿಡದೆ ಹಿಡಿದ ಚೊಂಬು. “ಇವ್ರೇನಾ ನಂಗ್ ಬುದ್ಧಿ ಯೋಳಾಕ್ ಇದ್ದೋರು?” ಎಂದು ಸಾಕಮ್ಮನನ್ನು ಕೇಳಿದರು. ಮರಿಗೌಡರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ. ಕೊನೆಗೆ ಬಚ್ಚಲುಮನೆಯ ಹೆಂಚು ಹಾರುವಂತೆ ನಕ್ಕರು. ಬಾಗಿಲಲ್ಲಿ ನಿಂತಿದ್ದ ಮಗಳು ಸೆರಗು ಬಾಯಿಗೊತ್ತಿ ಅಳುತ್ತಿದ್ದಳು. ಆ ಅಳುವಿನ ಎದುರು ನನ್ನ ಅವಮಾನ ಬಹಳ ಸಣ್ಣದಾಗಿ ಕಂಡಿತು.

ಮಧ್ಯಾಹ್ನ ಅವರು ಒಂದು ಮುದ್ದೆ ಪೂರ್ತಿ ಉಂಡರು. ನಾನು ಜೋಡಿಸಿಟ್ಟ ಭಾಷಣ ಯಾರಿಗೂ ಬೇಕಾಗಲಿಲ್ಲ. ಮಗಳು ಹಿಂಜರಿಯುತ್ತ, “ಏನಪ್ಪಯ್ಯಾ, ಇರ‍್ತೀಯಾ?” ಎಂದು ಕೇಳಿದಾಗ ಮರಿಗೌಡರು ನನ್ನತ್ತ ಕತ್ತು ತಿರುಗಿಸಿ, “ಇರ‍್ಲೇಬೇಕಲ್ಲವ್ವ. ಈ ಅಯ್ಯನ್ನ ನೋಡ್ಕಳಾಕೆ ಒಬ್ರಾದ್ರೂ ಬೇಡ್ವಾ?” ಅಂದರು.

ಅಂದಿನಿಂದ ನನ್ನ ಉಸ್ತುವಾರಿ ಅವರದಾಯಿತು. ನಾನು ಮಾತ್ರೆ ನುಂಗಿದೆನೇ ಎಂದು ವಿಚಾರಿಸುತ್ತಿದ್ದರು, ಚಪ್ಪಲಿ ತಿರುಗುಮುರುಗಾಗಿದ್ದರೆ ಸರಿಮಾಡಿಸುತ್ತಿದ್ದರು. ಅವರ ಸಮಾಧಾನಕ್ಕೆ ಹೀಗೆ ನಟಿಸುತ್ತಿದ್ದೇನೆ ಎಂದು ಸಾಕಮ್ಮನಿಗೆ ಗುಟ್ಟಾಗಿ ಹೇಳಿದೆ. ಅವಳು, “ಊಂ, ಅಂಗೇ ನಟಿಸ್ಕಂಡಿರಿ,” ಅಂದಳು.

ಮುಂದಿನ ಸಲ ಮಗಳು ನೋಡಲು ಬಂದಾಗ ಅವಳನ್ನು ಬಸ್ಸಿಗೆ ಕಳಿಸಲು ಇಬ್ಬರೂ ಹೊರಟೆವು. ಜಗುಲಿಯ ಮೆಟ್ಟಿಲು ಇಳಿಯುವಾಗ ನನಗೆ ಗೊತ್ತಿಲ್ಲದೆಯೇ ನನ್ನ ಕೈ ಮರಿಗೌಡರ ಭುಜ ಹಿಡಿದಿತ್ತು. ಅವರು ಮಗಳಿಗೆ, “ನೋಡ್ದಾ ಮಗಾ, ನಾನಿಲ್ದಿದ್ರೆ ಇವ್ರ್ ಗತಿ ಏನು!” ಅಂದರು. ಹಾಗೇನಿಲ್ಲ ಎಂದು ಕೈ ತೆಗೆದು ಪ್ರತಿಭಟಿಸಬೇಕೆಂದಿದ್ದೆ. ಆದರೆ ಇನ್ನೂ ಒಂದು ಮೆಟ್ಟಿಲಿತ್ತು.