ಗೊರಕೆ, ಪೆಟ್ಟಿಗೆ ಮತ್ತು ನನ್ನ ಬಲಗಾಲು

ಈ ಮನೆಯಲ್ಲಿ ನನ್ನ ಮಾತು ಕೇಳುತ್ತಿದ್ದ ಜೀವ ಒಂದೇ ಒಂದು. ಅದಕ್ಕೆ ಆರು ಚಕ್ರ.

ನಮ್ಮದು ಸಸಿ ಮಾರುವ ಮನೆ. ಹಿತ್ತಲಿನಿಂದ ಹಿಡಿದು ಬೀದಿ ಬಾಗಿಲವರೆಗೂ ಕುಂಡಗಳೇ. ಅವನ್ನು ಹೊತ್ತುಕೊಂಡು ಊರೆಲ್ಲ ತಿರುಗುವುದು ನಮ್ಮವರು ಇದ್ದಾಗ ಕೊಂಡ ಹಳೆಯ ಪೆಟ್ರೋಲ್ ಟ್ರಕ್. ಎಂಜಿನ್ ಶುರುವಾದರೆ ಪಕ್ಕದ ಮನೆಯ ಕಿಟಕಿ ಗಾಜೂ ನಡುಗುವುದರಿಂದ ಅದಕ್ಕೆ ‘ಗೊರಕೆ’ ಎಂದು ಹೆಸರು. (ಹೆಸರಿಟ್ಟವಳು ನಾನೇ. ತಮ್ಮನ್ನೇ ಅಂದದ್ದು ಎಂದು ನಮ್ಮವರು ಬಹಳ ದಿನ ಮುಖ ಊದಿಸಿಕೊಂಡಿದ್ದರು. ಅವರ ಅನುಮಾನ ಪೂರ್ತಿ ಸುಳ್ಳೇನೂ ಅಲ್ಲ.)

ಗೊರಕೆಯನ್ನು ಓಡಿಸುವವಳು ಸೊಸೆ. ಎಬ್ಬಿಸುವವಳು ನಾನು. ಎಬ್ಬಿಸುವುದೆಂದರೆ ಓಡಿಸಿದಷ್ಟು ಸುಲಭವಲ್ಲ. ಚೋಕ್ ಗುಂಡಿಯನ್ನು ಎರಡು ಬೆರಳಗಲ ಎಳೆಯಬೇಕು. ಸ್ವಲ್ಪ ಹೆಚ್ಚಾದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಕಂಠಪೂರ್ತಿ ಪೆಟ್ರೋಲ್ ಕುಡಿದು ಮಲಗಿಬಿಡುತ್ತದೆ, ಕಡಿಮೆಯಾದರೆ ಕೆಮ್ಮಿ ಸುಮ್ಮನಾಗುತ್ತದೆ. ಆಮೇಲೆ ಆಕ್ಸಿಲರೇಟರ್ ಪೆಡಲನ್ನು ಬಲಗಾಲಿನಿಂದ ನೆಲಕ್ಕೆ ಅಂಟುವ ಹಾಗೆ ಒತ್ತಬೇಕು. ಒತ್ತಿದ ಕಾಲನ್ನು ಸಡಿಲಿಸದೆ ಕೀ ತಿರುಗಿಸಬೇಕು. ತಿರುಗಿಸುವಾಗ ‘ಏಳಪ್ಪ, ಬಿಸಿಲು ಬಂತು’ ಎಂದು ಒಂದೆರಡು ಒಳ್ಳೆಯ ಮಾತನ್ನೂ ಆಡಬೇಕು. ಕಾಲು ತಪ್ಪಿದರೂ ಮಾತು ತಪ್ಪಿದರೂ ಅದು ಏಳುವುದಿಲ್ಲ.

ನಮ್ಮವರು ಹೋದ ಹೊಸದರಲ್ಲಿ ನಾನು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದೆ. ಊಟ ಬೇಡ, ಮಾತು ಬೇಡ. ಒಂದು ಬೆಳಿಗ್ಗೆ ಸೊಸೆ ಬಂದು, “ಅತ್ತೆ, ಎಷ್ಟು ಮಾಡಿದ್ರೂ ಏಳ್ತಾನೇ ಇಲ್ಲ, ನೀವೇ ಬರ್ಬೇಕು” ಎಂದು ಕೈ ಹಿಡಿದು ಎಳೆದಳು. ಕುಂಡಗಳೆಲ್ಲ ಬಿಸಿಲಿಗೆ ಬಾಡುತ್ತಿವೆ, ಹೋಗದೆ ಇರಲಾಗುತ್ತದೆಯೇ? ಹೋಗಿ ಎಬ್ಬಿಸಿದೆ. ದಾರಿಯಲ್ಲಿ ನಿಂತರೆ ಏನು ಗತಿ ಎಂದಳು. ಪಕ್ಕದ ಸೀಟಿಗೆ ಹತ್ತಿ ಕುಳಿತೆ. ಅವತ್ತಿನಿಂದ ಆ ಸೀಟು ನನ್ನದು.

ಆ ಸೀಟಿನ ಕಿಟಕಿಯೇ ನನ್ನ ಜಗತ್ತು. ಯಾರ ಮನೆಗೆ ಹೊಸ ಬಣ್ಣ ಬಂತು, ಬಟ್ಟೆ ಅಂಗಡಿಯ ಬೊಂಬೆಯ ಕೈ ಯಾವಾಗ ಮುರಿಯಿತು, ತಿರುವಿನಲ್ಲಿರುವ ದರ್ಜಿ ತನ್ನ ಹೆಂಡತಿಯ ಜೊತೆ ಮಾತು ಬಿಟ್ಟಿದ್ದಾನೋ ಇಲ್ಲವೋ, ಎಲ್ಲ ವರದಿಯೂ ನನ್ನ ಬಳಿ. ಇನ್ನು ಗೊರಕೆ ನಡುರಸ್ತೆಯಲ್ಲಿ ನಿಂತ ದಿನವಂತೂ ಕೇಳಲೇಬೇಡಿ. ಹಿಂದೆ ಹಾರನ್‌ಗಳ ಮಹಾಮೇಳ. ಸೊಸೆ ಬೆವರುತ್ತಾ ಕೆಳಗಿಳಿದರೆ ನಾನು ಸೆರಗು ಸರಿಮಾಡಿಕೊಂಡು, ದೊಡ್ಡ ಡಾಕ್ಟರು ರೋಗಿಯ ಹತ್ತಿರ ಬರುವ ಗಾಂಭೀರ್ಯದಲ್ಲಿ ಅವಳ ಸೀಟಿಗೆ ಸರಿಯುತ್ತಿದ್ದೆ.

ಇದನ್ನೆಲ್ಲ ಕೆಡಿಸಿದವನು ಹೊಟ್ಟೆಯಲ್ಲಿ ಹುಟ್ಟಿದ ಮಗ. ಅವನು ಫೋನಿನಲ್ಲಿ ಒಂದು ವಿಡಿಯೊ ನೋಡಿದರೆ ಸಾಕು, ಏಳು ಜನ್ಮದ ಅನುಭವ ಬಂದುಬಿಡುತ್ತದೆ. ಊಟಕ್ಕೆ ಕುಳಿತಾಗ ಶುರುಮಾಡಿದ.

“ಅಮ್ಮ, ಗೊರಕೆ ಕಾರ್ಬುರೇಟರ್ ಕಿತ್ತು ಫ್ಯುಯೆಲ್ ಇಂಜೆಕ್ಷನ್ ಹಾಕಿಸೋಣ ಅಂತಿದೀನಿ.”

“ಯಾಕೋ, ಚೆನ್ನಾಗೇ ಇದೆಯಲ್ಲ?”

“ಚೆನ್ನಾಗಿದೆಯಾ?” ಎಂದಳು ಸೊಸೆ. “ಮೊನ್ನೆ ಸೇತುವೆ ಮೇಲೆ ನಿಂತಾಗ ನನ್ನ ಮಾನ ಹೋಯ್ತಲ್ಲ ಅತ್ತೆ!”

“ನಾನು ಎಬ್ಬಿಸ್ಲಿಲ್ವೇನೇ?”

“ಎಬ್ಬಿಸಿದ್ರಿ. ಮಾನ ಹೋದ್ಮೇಲೆ ಎಬ್ಬಿಸಿದ್ರಿ. ಗುಲಾಬಿ ತಗೊಂಡವರು ಹೂವಲ್ಲಿ ಪೆಟ್ರೋಲ್ ವಾಸನೆ ಅಂತ ವಾಪಸ್ ಕೊಟ್ರು.”

ಮಗ ತಟ್ಟೆಯಲ್ಲೇ ಬೆರಳಿನಿಂದ ಚಿತ್ರ ಬರೆದ. “ನೋಡಮ್ಮ, ಕಾರ್ಬುರೇಟರ್ ಜಾಗದಲ್ಲಿ ಇದು ಬರುತ್ತೆ. ಪೆಟ್ರೋಲನ್ನ ಅಳೆದು ಸಿಂಪಡಿಸುತ್ತೆ. ಟ್ಯಾಂಕಲ್ಲಿ ಒಂದು ಪಂಪು. ಹೊಗೆ ಕೊಳವೆಯಲ್ಲಿ ಒಂದು ಸೆನ್ಸರ್ ಕೂರಿಸ್ತಾರೆ, ಅದು ಹೊಗೆ ಮೂಸಿ ನೋಡಿ ಪೆಟ್ರೋಲು ಹೆಚ್ಚಾಯ್ತಾ ಕಡಿಮೆಯಾಯ್ತಾ ಅಂತ ಕಂಪ್ಯೂಟರ್ ಪೆಟ್ಟಿಗೆಗೆ ಹೇಳುತ್ತೆ.”

“ಇಷ್ಟು ವರ್ಷ ಹೊಗೆ ಮೂಸಿದ್ದು ನಾನು. ನನ್ನನ್ನ ಯಾರೂ ಕಂಪ್ಯೂಟರ್ ಅನ್ಲಿಲ್ಲ.”

“ಓಡಿಸ್ತಾ ಓಡಿಸ್ತಾ ಆ ಪೆಟ್ಟಿಗೆ ತಾನೇ ಕಲಿಯುತ್ತಮ್ಮ! ಚೋಕ್ ಎಳೆಯೋ ರಗಳೆನೇ ಇಲ್ಲ. ಕೀ ತಿರುಗಿಸಿದ್ರೆ ಆಯ್ತು. ಯಾರು ಬೇಕಾದ್ರೂ ಸ್ಟಾರ್ಟ್ ಮಾಡ್ಬಹುದು.”

ಯಾರು ಬೇಕಾದರೂ! ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದೆ. ಯಾರು ಬೇಕಾದರೂ ಎಬ್ಬಿಸುವ ಗಾಡಿಯಲ್ಲಿ ನನಗೇನು ಕೆಲಸ? ನಾಳೆಯಿಂದ ನನ್ನ ಸೀಟಿನಲ್ಲಿ ಕ್ರೋಟನ್ ಕುಂಡ ಕೂರುತ್ತದೆ, ನಾನು ಅಡುಗೆಮನೆಯ ಕಿಟಕಿಯಿಂದ ಹಿತ್ತಲಿನ ಗೊಬ್ಬರದ ಗುಡ್ಡೆ ನೋಡುತ್ತಾ ಕೂರುತ್ತೇನೆ.

ಪ್ರತಿಭಟನೆಗೆ ಮೌನವ್ರತ ಹಿಡಿದೆ. ಮನೆಯವರು ಅದನ್ನು ಎಷ್ಟು ಸಂತೋಷದಿಂದ ಸ್ವೀಕರಿಸಿದರೆಂದರೆ ಸಂಜೆಗೇ ಬಿಟ್ಟುಬಿಟ್ಟೆ.

ಅದಾದ ಮೇಲೆ ಸೊಸೆಗೆ ನನ್ನ ತಂಗಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. “ಪಾಪ ಚಿಕ್ಕತ್ತೆ, ನಿಮ್ಮನ್ನ ನೋಡಿ ಎಷ್ಟು ದಿನ ಆಯ್ತೋ, ಹೋಗಿದ್ದು ಬನ್ನಿ” ಎಂದು ಚೀಲ ತುಂಬಿಕೊಟ್ಟು ಬಸ್ಸು ಹತ್ತಿಸಿದಳು. ತಿರುಗಿ ಬಂದು ನೋಡಿದರೆ ಗೊರಕೆ ನಿಲ್ಲುವ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಉಳಿದಿತ್ತು.

“ಎಲ್ಲೋ ನನ್ನ ಗೊರಕೆ?”

“ಮೆಕ್ಯಾನಿಕ್ ಶೆಡ್ಡಲ್ಲಿದೆ ಅಮ್ಮ. ಇವಳೇ ಓಡಿಸ್ಕೊಂಡು ಹೋಗಿ ಬಿಟ್ಟು ಬಂದ್ಲು.”

ನನಗೆ ಕೋಪ ನೆತ್ತಿಗೇರಿತ್ತು. ಆ ಕೋಪದಲ್ಲಿ ಆ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಶೆಡ್ಡಿಗೆ ನಡೆದೆ.

ಮೆಕ್ಯಾನಿಕ್ಕನನ್ನು ಎಲ್ಲರೂ ‘ಬೋಲ್ಟು’ ಎಂದೇ ಕರೆಯುವುದು. ಕುಳ್ಳಗೆ, ಗಟ್ಟಿಯಾಗಿ, ತಲೆ ಮಾತ್ರ ಅಗಲವಾಗಿ ಇದ್ದಾನೆ. ಗೊರಕೆ ಬಾನೆಟ್ ತೆರೆದುಕೊಂಡು, ಹಲ್ಲು ಕೀಳಿಸಿಕೊಳ್ಳುವವರ ಹಾಗೆ ಬಾಯಿ ಬಿಟ್ಟು ನಿಂತಿತ್ತು. ಕಾರ್ಬುರೇಟರ್ ಕೆಳಗೆ ಹಳೆ ಬಟ್ಟೆಯ ಮೇಲೆ ಬಿದ್ದಿತ್ತು.

“ಬನ್ನಿ ದೊಡ್ಡಮ್ಮ, ಹೊಸ ಹೃದಯ ಹಾಕ್ತಿದೀನಿ ನೋಡಿ.”

“ಹಳೇದು ಏನಾಗಿತ್ತಪ್ಪ?”

“ವಯಸ್ಸಾಗಿತ್ತು.”

“ವಯಸ್ಸಾದವರನ್ನೆಲ್ಲ ಹೀಗೇ ಕಿತ್ತು ಬಟ್ಟೆ ಮೇಲೆ ಮಲಗಿಸ್ತೀಯಾ?”

ಬೋಲ್ಟು ನಕ್ಕು ಕಾರ್ಬುರೇಟರನ್ನು ಅದೇ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ಅದನ್ನು ಎದೆಗವಚಿಕೊಂಡು ಮನೆಗೆ ಬಂದೆ. (ಸೀರೆಗೆ ಹತ್ತಿದ ಗ್ರೀಸು ಇವತ್ತಿಗೂ ಹೋಗಿಲ್ಲ.)

ಕೊನೆಗೆ ಗೊರಕೆ ಮನೆಗೆ ಬಂತು. ಸದ್ದು ಅದೇ, ಕೆಮ್ಮು ಮಾತ್ರ ಇಲ್ಲ. ಚೋಕ್ ಗುಂಡಿ ಇದ್ದ ಕಡೆ ಈಗ ಒಂದು ಪುಟ್ಟ ಪರದೆ, ಅದರ ತುಂಬ ಕುಣಿಯುವ ಅಂಕಿಗಳು. ಅಕ್ಷರ ಕೂಡಿಸಿ ಕೂಡಿಸಿ ಓದುವ ನನಗೆ ಅದರಲ್ಲಿ ಗುರುತು ಸಿಕ್ಕಿದ್ದು ಸೊನ್ನೆ ಒಂದೇ. ಕಂಪ್ಯೂಟರ್ ಪೆಟ್ಟಿಗೆಯನ್ನು ತಂದು ನನ್ನ ಸೀಟಿನ ಕೆಳಗೇ ಕೂರಿಸಿದ್ದರು. ಅಂತೂ ನನ್ನ ಜಾಗಕ್ಕೆ ಬರುವವನು ಬಂದಾಯಿತು ಎಂದುಕೊಂಡೆ.

“ಅಮ್ಮನೇ ಮೊದಲು ಸ್ಟಾರ್ಟ್ ಮಾಡ್ಲಿ,” ಎಂದ ಮಗ, ದೊಡ್ಡ ಮನಸ್ಸಿನಿಂದ.

ಹತ್ತಿ ಕುಳಿತೆ. “ಕೀ ಅರ್ಧ ತಿರುಗಿಸಿ ಅತ್ತೆ. ಪಂಪು ಗುಂಯ್ ಅನ್ನುತ್ತೆ. ಅದು ನಿಂತ ಮೇಲೆ ಪೂರ್ತಿ ತಿರುಗಿಸಿ,” ಎಂದಳು ಸೊಸೆ. ನನ್ನ ಕೈ ಅಕ್ಷರ ತಪ್ಪದೆ ಹಾಗೇ ಮಾಡಿತು. ‘ಏಳಪ್ಪ’ ಎಂದೂ ಹೇಳಿದೆ. ಎಂಜಿನ್ ಕುರ್‌ಕುರ್ ಎಂದಿತೇ ಹೊರತು ಏಳಲಿಲ್ಲ. ಇನ್ನೊಮ್ಮೆ. ಊಹೂಂ.

ಸತ್ಯ ಹೇಳುತ್ತೇನೆ, ಹಾಲು ಕುಡಿದಷ್ಟು ಸಂತೋಷವಾಯಿತು. ಮುಖದಲ್ಲಿ ಮಾತ್ರ ಲೋಕದ ದುಃಖವನ್ನೆಲ್ಲ ತಂದುಕೊಂಡು, “ಅಯ್ಯೋ ಪಾಪ, ಪೆಟ್ಟಿಗೆ ಇನ್ನೂ ಕಲಿತಿಲ್ಲವೇನೋ” ಎಂದೆ.

ಮಗ ಬ್ಯಾಟರಿ ನೋಡಿದ, ಫ್ಯೂಸು ನೋಡಿದ, ಫೋನಿನಲ್ಲಿ ವಿಡಿಯೊ ಹಾಕಿ ಅದರ ಮುಖವನ್ನೂ ನೋಡಿದ. ಸೊಸೆ, “ಒಂದ್ನಿಮಿಷ ಇಳೀರಿ ಅತ್ತೆ” ಎಂದು ತಾನು ಕುಳಿತು ಕೀ ತಿರುಗಿಸಿದಳು. ಗೊರಕೆ ತಟ್ಟನೆ ಎದ್ದಿತು.

“ನಾನು ಮುಕ್ಕಾಲು ಎಬ್ಬಿಸಿದ್ದೆ. ಕಾಲು ಭಾಗ ನೀನು ಎಬ್ಬಿಸಿದೆ ಅಷ್ಟೇ,” ಎಂದೆ.

ಆರಿಸಿ ಮತ್ತೆ ನನ್ನನ್ನು ಕೂರಿಸಿದರು. ಏಳಲಿಲ್ಲ. ಮಗ ಕುಳಿತ, ಎದ್ದಿತು. ನಾನು ಕುಳಿತೆ, ಏಳಲಿಲ್ಲ. ಗಲಾಟೆ ಕೇಳಿ ಬಂದ ದರ್ಜಿ, ಹೊಲಿಗೆ ಯಂತ್ರ ಬಿಟ್ಟು ಬೇರೆ ಏನನ್ನೂ ತುಳಿದವನಲ್ಲ, “ನಾನೊಂದ್ಸಲ ನೋಡ್ಲಾ?” ಎಂದು ಹತ್ತಿದ. ಅವನಿಗೂ ಎದ್ದಿತು! ಇಳಿದು ಬಂದು ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕ. (ಅವನ ಹೆಂಡತಿ ಮಾತು ಬಿಟ್ಟಿರುವುದು ಸುಮ್ಮನೆ ಅಲ್ಲ.)

ಬೋಲ್ಟುವಿಗೆ ಫೋನು ಹೋಯಿತು. ಊಟ ಅರ್ಧಕ್ಕೆ ಬಿಟ್ಟು ಬಂದವನು, “ದೊಡ್ಡಮ್ಮ, ಹೇಗೆ ಮಾಡಿದ್ರೋ ಹಾಗೇ ಮಾಡಿ” ಎಂದು ಬಾಗಿಲ ಬಳಿ ಕುಕ್ಕರಗಾಲಲ್ಲಿ ಕುಳಿತ. ಕೀ ತಿರುಗಿಸಿದೆ. ಕುರ್‌ಕುರ್. ಅವನ ಕಣ್ಣು ಕೆಳಗೆ ಹೋಯಿತು.

“ಈ ಕಾಲು ಇಲ್ಲೇನು ಮಾಡ್ತಿದೆ?”

ನೋಡಿದೆ. ನನ್ನ ಬಲಗಾಲು ನನ್ನನ್ನು ಕೇಳದೆ ಪೆಡಲನ್ನು ನೆಲಕ್ಕೆ ಅಂಟುವ ಹಾಗೆ ಒತ್ತಿ ಹಿಡಿದಿತ್ತು.

“ತನ್ನ ಕೆಲಸ ಮಾಡ್ತಿದೆ,” ಎಂದೆ.

ಬೋಲ್ಟು ಹಣೆ ಒರೆಸಿಕೊಂಡ. “ಇದರಲ್ಲಿ ಹಾಗೆ ಒತ್ತಿ ಹಿಡಿದರೆ ‘ಎಂಜಿನ್ ಜಾಸ್ತಿ ಕುಡಿದಿದೆ, ಪೆಟ್ರೋಲ್ ನಿಲ್ಲಿಸು’ ಅಂತ ಅರ್ಥ ದೊಡ್ಡಮ್ಮ. ನೀವು ನಿಲ್ಲಿಸು ಅಂತಿದೀರಿ, ಪೆಟ್ಟಿಗೆ ನಿಲ್ಲಿಸ್ತಿದೆ. ಅಷ್ಟು ವಿಧೇಯವಾಗಿದೆ ಅದು.”

ಈ ಮನೆಗೆ ಅಂತೂ ಇಂತೂ ನನ್ನ ಮಾತನ್ನು ಚಾಚೂ ತಪ್ಪದೆ ಕೇಳುವವರೊಬ್ಬರು ಬಂದರು, ಅದರ ಫಲ ಇದು! ಯಾರು ಬೇಕಾದರೂ ಎಬ್ಬಿಸಬಹುದು ಎಂದಿದ್ದ ಮಗ. ಬೀದಿಯ ದರ್ಜಿಯೂ ಎಬ್ಬಿಸಿದ. ಎಬ್ಬಿಸಲು ಬಾರದವಳು ನಾನೊಬ್ಬಳೇ.

ಮರುದಿನ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಕುಳಿತು, ಬಿಡಿಸಿ ಮುಗಿದ ಬಟಾಣಿಯನ್ನೇ ಮತ್ತೆ ಆರಿಸುತ್ತಿದ್ದೆ. ಹೊರಗೆ ಗೊರಕೆ ಒಂದೇ ತಿರುವಿಗೆ ಎದ್ದಿತು. ಆಮೇಲೆ ಹಾರನ್.

“ಅತ್ತೆ, ಹೊತ್ತಾಯ್ತು ಬನ್ನಿ!”

ಬಾಗಿಲಿಗೆ ಹೋಗಿ ನಿಂತೆ. “ನಾನ್ಯಾಕೆ? ಅದು ದಾರಿಯಲ್ಲಿ ನಿಂತರೂ ಪೆಟ್ಟಿಗೆ ಇದೆಯಲ್ಲ, ಯಾರು ಬೇಕಾದ್ರೂ…” ಎನ್ನುವಷ್ಟರಲ್ಲಿ ಮಗ ಅವತ್ತು ಹೇಳಿದ ಮಾತು ಈಗ ಸರಿಯಾಗಿ ಕೇಳಿಸಿತು. ಇವಳೇ ಓಡಿಸ್ಕೊಂಡು ಹೋದ್ಲು. ಆಗಿನ್ನೂ ಕಾರ್ಬುರೇಟರ್ ಇತ್ತು. ನಾನು ತಂಗಿಯ ಮನೆಯಲ್ಲಿದ್ದೆ.

“ಏನೇ, ಅವತ್ತು ಶೆಡ್ಡಿಗೆ ಹೋಗುವಾಗ ಗೊರಕೆನ ಎಬ್ಬಿಸಿದ್ದು ಯಾರು?”

ಸೊಸೆ ಸ್ಟೀರಿಂಗ್ ಒರೆಸತೊಡಗಿದಳು. ಕುಂಡ ಹೇರುತ್ತಿದ್ದ ಮಗನಿಗೆ ಒಂದು ಎಲೆಯ ಹಿಂಭಾಗದಲ್ಲಿ ಬಹಳ ಮುಖ್ಯವಾದದ್ದೇನೋ ಕಂಡಿತು.

“ಕೇಳ್ತಿದೀನಿ.”

“ನಾನೇ ಅತ್ತೆ. ಚೋಕ್ ಎರಡು ಬೆರಳು, ಪೆಡಲು ಪೂರ್ತಿ…”

“ಯಾವಾಗ ಕಲಿತೆ?”

“ಮದುವೆಯಾಗಿ ಬಂದ ವರ್ಷ. ಮಾವ ಹೇಳಿಕೊಟ್ಟಿದ್ರು.”

“ನೀನೋ?” ಎಂದು ಮಗನ ಕಡೆ ತಿರುಗಿದೆ. ಅವನು ಎಲೆಯಿಂದ ಮುಖ ತೆಗೆಯದೆ, “ನಂಗೂ ಬರುತ್ತಮ್ಮ” ಎಂದ.

“ಮತ್ತೆ ದಿನಾ ಬೆಳಿಗ್ಗೆ ಏಳ್ತಾನೇ ಇಲ್ಲ ಬನ್ನಿ, ಏಳ್ತಾನೇ ಇಲ್ಲ ಬನ್ನಿ ಅಂತ ಯಾಕೆ ಪ್ರಾಣ ತಿಂತಿದ್ದೆ?”

ಸೊಸೆ ನನ್ನ ಮುಖ ನೋಡದೆ ಹೇಳಿದಳು. “ಏಳದೆ ಇದ್ದದ್ದು ಗಾಡಿ ಅಲ್ಲ ಅತ್ತೆ.”

ನನಗೆ ಇಷ್ಟು ವರ್ಷ ಮೋಸ ಮಾಡಿದ್ದಕ್ಕೆ ಚೆನ್ನಾಗಿ ಬಯ್ಯಬೇಕೆಂದು ಬಾಯಿ ತೆರೆದೆ. ಕೈಯಲ್ಲಿದ್ದ ಬಟಾಣಿಯನ್ನು ಮಗನ ಕೈಗೆ ಸುರಿದು, ಹೋಗಿ ನನ್ನ ಸೀಟಿಗೆ ಹತ್ತಿದೆ. ಅಲ್ಲಿ ಕ್ರೋಟನ್ ಇರಲಿಲ್ಲ. ಹೊಸ ದಿಂಬು ಇತ್ತು.

ಈಗಲೂ ದಿನಾ ಹೋಗುತ್ತೇನೆ. ಸೊಸೆ ಕೀ ತಿರುಗಿಸುವ ಮುಂಚೆ ತಪ್ಪದೆ ಕೂಗುತ್ತಾಳೆ, “ಅತ್ತೆ, ಕಾಲು!” ಅಂಗಡಿಯಲ್ಲಿ ಕೂತ ದರ್ಜಿಗೂ ಅದು ಕೇಳಿಸುತ್ತದೆ. ನನ್ನ ಕಡೆ ಪೆಡಲೇ ಇಲ್ಲ. ಆದರೂ ಎರಡೂ ಕಾಲೆತ್ತಿ ಸೀಟಿನ ಮೇಲೆ ಮಡಿಸಿಟ್ಟುಕೊಳ್ಳುತ್ತೇನೆ. ಪೆಟ್ಟಿಗೆ ಇರುವುದು ನನ್ನ ಕೆಳಗೇ ಅಲ್ಲವೇ, ಏನು ತಿಳಿದುಕೊಳ್ಳುತ್ತದೋ ಯಾರು ಕಂಡರು.